ಪುಟ್ಟ ಮಕ್ಕಳಿರುವ ಮನೆಯ ಎಳ್ಳು-ಬೆಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಕರ ಸಂಕ್ರಾಂತಿಗೆ ಇನ್ನೂ ಕೆಲವು ವಾರಗಳಿರುವಾಗಲೇ ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಪುಟ್ಟ ಮಕ್ಕಳಿರುವ ಮನೆಗಳವು. ಪೂಜೆಯ ಮುಹೂರ್ತ ಕೇಳಿದವರು ಒಬ್ಬಿಬ್ಬರು. ಮಕ್ಕಳನ್ನು ಕಾಲಬುಡದಲ್ಲಿ ಇಟ್ಟುಕೊಂಡು ಎಳ್ಳು ಮಾಡುವುದು ಹೇಗೆಂದು ಕೇಳಿದವರೇ ಹೆಚ್ಚು. ಹೆಸರು ಬೇಡವೆಂದು ಹಲವರು ಕೋರಿರುವುದರಿಂದ ಎಲ್ಲ ಪತ್ರಗಳಿಗೂ ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಮಗೆ ಆರು ವರ್ಷದ ಮಗ, ಮೂರೂವರೆ ವರ್ಷದ ಮಗಳು. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಕಳೆದ ವರ್ಷ ಅಂಗಡಿಯಿಂದ ಎಳ್ಳಿನ ಪೊಟ್ಟಣಗಳನ್ನು ತಂದು ಹಂಚಿದೆವು. ಈ ಸಲ ಮನೆಯಲ್ಲೇ ಮಾಡಬೇಕೆಂಬ ಆಸೆ. ಆದರೆ ಮಕ್ಕಳು ಪಕ್ಕದಲ್ಲಿ ಕೂತರೆ ಅರ್ಧ ಗಂಟೆಯ ಕೆಲಸ ಎರಡು ಗಂಟೆ ಹಿಡಿಯುತ್ತದೆ. ಅವರನ್ನು ಟೀವಿಯ ಮುಂದೆ ಕೂರಿಸಿ ಮಾಡುವುದಾದರೆ ಅಂಗಡಿಯದ್ದೇ ವಾಸಿ ಎನಿಸುತ್ತದೆ. ಏನು ಮಾಡಲಿ? (ತುಮಕೂರು)

ಉತ್ತರ: ಮೊದಲು ಪ್ರಮಾಣವನ್ನು ಕಡಿಮೆ ಮಾಡಿಕೊಳ್ಳಿ. ನಮ್ಮ ಅಜ್ಜಿಯರು ಸೇರುಗಟ್ಟಲೆ ಎಳ್ಳು ಮಾಡುತ್ತಿದ್ದರೆಂಬುದು ನಿಜ. ಆದರೆ ಆ ಮನೆಗಳಲ್ಲಿ ಕೊಬ್ಬರಿ ಹೆಚ್ಚಲು ನಾಲ್ಕು ಜನ ಹೆಂಗಸರು ಕೂರುತ್ತಿದ್ದರು, ಬೀರಬೇಕಾದ ಮನೆಗಳೂ ಇಡೀ ಬೀದಿಯಷ್ಟಿರುತ್ತಿದ್ದವು. ನೀವು ನಿಜವಾಗಿ ಎಷ್ಟು ಮನೆಗೆ ಕೊಡುತ್ತೀರಿ ಎಂಬುದನ್ನು ಮಗನ ಕೈಯಲ್ಲೇ ಪಟ್ಟಿ ಬರೆಸಿ. ಹದಿನೈದು ಮನೆಗೆ ತಲಾ 50 ಗ್ರಾಂ ಎಂದರೆ 750 ಗ್ರಾಂ. ದೇವರ ಮುಂದಿಡಲು, ಮನೆಗೆ ಬಂದವರಿಗೆ ಕೊಡಲು, ನೀವು ತಿನ್ನಲು ಇನ್ನು 350 ಗ್ರಾಂ ಇದ್ದರೆ ಸಾಕು. ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ತಲಾ 250 ಗ್ರಾಂ, ಬಿಳಿ ಎಳ್ಳು 100 ಗ್ರಾಂ ತೆಗೆದುಕೊಂಡರೆ ಈ ಲೆಕ್ಕ ಸರಿಹೋಗುತ್ತದೆ. ಹೆರೆದಾಗ ಸಿಪ್ಪೆ ಹೋಗುವುದರಿಂದ ಕೊಬ್ಬರಿಯನ್ನು ಮಾತ್ರ ಒಂದು ಹಿಡಿ ಹೆಚ್ಚಿಗೆ ತನ್ನಿ. ಪಕ್ಕದಲ್ಲೇ ತಿಪಟೂರು ಇರುವ ನಿಮಗೆ ಒಳ್ಳೆಯ ಕೊಬ್ಬರಿಯನ್ನು ಆರಿಸುವುದು ನಾನು ಹೇಳಿಕೊಡಬೇಕಾದ ವಿಷಯವಲ್ಲ.

ಎರಡನೆಯದಾಗಿ, ಇದನ್ನು ಒಂದೇ ದಿನದ ಕೆಲಸವೆಂದು ತಿಳಿಯಬೇಡಿ. ಮಕ್ಕಳಿರುವ ಮನೆಯಲ್ಲಿ ಎಳ್ಳು ಕೆಡುವುದು ಬಹುಮಟ್ಟಿಗೆ ಜನವರಿ 13ರ ರಾತ್ರಿ, ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಂಡು ಕೂತಾಗ. ಹತ್ತು ದಿನ ಮುಂಚೆ, ರಜೆಯ ದಿನವೊಂದರಲ್ಲಿ, ಕೊಬ್ಬರಿಯಿಂದ ಶುರು ಮಾಡಿ. ಹೊರಗಿನ ಕಂದು ಸಿಪ್ಪೆಯನ್ನು ಹೆರೆದು, ತೆಳ್ಳಗೆ ಸೀಳಿ, ಸಣ್ಣಗೆ ಹೆಚ್ಚಿ, ಎರಡು ದಿನ ಬಿಸಿಲಿಗೆ ಹಾಕಿ. ಅಡಕತ್ತರಿಯನ್ನೂ ಚಾಕುವನ್ನೂ ದೊಡ್ಡವರೇ ಹಿಡಿಯಬೇಕು. ಅದು ನಿಮ್ಮ ಯಜಮಾನರ ಪಾಲಿಗೆ ಬಂದರೆ ಇನ್ನೂ ಒಳ್ಳೆಯದು, ಏಕೆಂದರೆ ಹಬ್ಬದ ಕೆಲಸವೆಂದರೆ ಅಮ್ಮನ ಕೆಲಸವೆಂಬ ಪಾಠವನ್ನು ಮಕ್ಕಳು ಬಾಯಿಮಾತಿನಿಂದ ಕಲಿಯುವುದಿಲ್ಲ, ನೋಡಿ ಕಲಿಯುತ್ತಾರೆ. ಆಮೇಲೆ ಒಂದು ಸಂಜೆ ಬೆಲ್ಲ. ಹೆಚ್ಚಿದ ಅಚ್ಚು ಬೆಲ್ಲವನ್ನು ತೆಳು ಬಟ್ಟೆ ಮುಚ್ಚಿ ಒಂದೆರಡು ದಿನ ಆರಲು ಬಿಡಿ. ತಟ್ಟೆಯನ್ನು ನೀರು ತುಂಬಿದ ಇನ್ನೊಂದು ಅಗಲವಾದ ತಟ್ಟೆಯ ನಡುವೆ ಬಟ್ಟಲೊಂದರ ಮೇಲೆ ಇಟ್ಟರೆ ಇರುವೆ ಹತ್ತುವುದಿಲ್ಲ. ಒಂದು ವರ್ಷ ನಾನು ಬೆಲ್ಲವನ್ನು ಆರಲು ಬಿಡದೆ, ಆತುರಪಟ್ಟು ಬೆರೆಸಿ ಡಬ್ಬಿಗೆ ತುಂಬಿದ್ದರಿಂದ ಹಬ್ಬದ ಬೆಳಿಗ್ಗೆ ಡಬ್ಬಿಯೊಳಗಿದ್ದದ್ದು ಎಳ್ಳು-ಬೆಲ್ಲವಲ್ಲ, ಒಂದು ಇಟ್ಟಿಗೆ.

ಕಡಲೆಕಾಯಿ ಬೀಜದ ಸಂಜೆ ನಿಮ್ಮ ಮಗನದು. ನೀವು ಸಣ್ಣ ಉರಿಯಲ್ಲಿ ಹುರಿದು ಪೂರ್ತಿ ಆರಿಸಿಕೊಡಿ. ಬಟ್ಟೆಯಲ್ಲಿ ಗಂಟು ಕಟ್ಟಿ ಉಜ್ಜುವುದು, ಮೊರವಿದ್ದರೆ ಕೇರುವುದನ್ನು ನೋಡಿ ತಾನೂ ಕೇರಲು ಯತ್ನಿಸುವುದು, ಮೊರವಿಲ್ಲದಿದ್ದರೆ ಬಾಲ್ಕನಿಯಲ್ಲಿ ಟೇಬಲ್ ಫ್ಯಾನಿನ ಮುಂದೆ ಸಿಪ್ಪೆ ಹಾರಿಸುವುದು, ಒಂದೊಂದೇ ಬೀಜವನ್ನು ಎರಡು ಬೇಳೆಯಾಗಿ ಬಿಡಿಸುವುದು, ಇವೆಲ್ಲವೂ ಆರು ವರ್ಷದ ಕೈಗೆ ಒಗ್ಗುವ ಕೆಲಸಗಳು. ಸಿಪ್ಪೆ ಮನೆತುಂಬ ಹಾರುತ್ತದೆ, ಗುಡಿಸಬಹುದು. ಅವನು ಬಿಡಿಸಿದ ಬೇಳೆಯೇ ಪೊಟ್ಟಣಕ್ಕೆ ಹೋಗಬೇಕೆಂಬುದನ್ನು ಮಾತ್ರ ಮರೆಯಬೇಡಿ. ಪಕ್ಕದಲ್ಲಿ ಬೇರೆ ಬಟ್ಟಲಿಟ್ಟು, ಆಟಕ್ಕೆಂದು ನಾಲ್ಕು ಕಾಳು ಹಾಕಿ, ಅವನು ಮಲಗಿದ ಮೇಲೆ ನೀವು ಎಲ್ಲವನ್ನೂ ಮತ್ತೆ ಮಾಡಿದರೆ ಮಗುವಿಗೆ ಅದು ಖಂಡಿತ ಗೊತ್ತಾಗುತ್ತದೆ, ಮರುದಿನ ಅವನು ಟೀವಿಯ ಮುಂದೆ ಹೋಗಿ ಕೂರುವುದೂ ಅದೇ ಕಾರಣಕ್ಕೆ. ಒಡೆದ ಬೇಳೆ, ತುದಿ ಮುರಿದ ಬೇಳೆ ಬಿದ್ದರೆ ಎಳ್ಳಿನ ರುಚಿಯೇನೂ ಕೆಡುವುದಿಲ್ಲ.

ಮೂರೂವರೆ ವರ್ಷದ ಮಗಳನ್ನು ಕಡಲೆಬೀಜದ ತಟ್ಟೆಯ ಹತ್ತಿರ ಒಂಟಿಯಾಗಿ ಬಿಡಬೇಡಿ. ಕಾರಣವನ್ನು ಮುಂದಿನ ಉತ್ತರದಲ್ಲಿ ಹೇಳಿದ್ದೇನೆ. ಪೊಟ್ಟಣಗಳ ಮೇಲೆ ಚಿತ್ರ ಅಂಟಿಸುವುದು, ನೀವು ಕೊಟ್ಟ ಸಕ್ಕರೆ ಅಚ್ಚನ್ನು ಪೊಟ್ಟಣಕ್ಕೊಂದರಂತೆ ನಿಮ್ಮ ಕಣ್ಣೆದುರೇ ಹಾಕುವುದು, ಹಬ್ಬದ ದಿನ ತಟ್ಟೆ ಹಿಡಿದು ನಿಮ್ಮ ಜೊತೆ ಮನೆ ಮನೆಗೆ ಬರುವುದು ಅವಳ ಪಾಲಿಗಿರಲಿ. ಎಳ್ಳು ಬೀರಲು ಹೆಣ್ಣುಮಕ್ಕಳೇ ಹೋಗುವುದು ವಾಡಿಕೆಯಾದರೂ ಬೇಳೆ ಬಿಡಿಸಿದ ಹುಡುಗನನ್ನು ಮನೆಯಲ್ಲಿ ಬಿಟ್ಟು ಹೋಗುವುದು ನ್ಯಾಯವಲ್ಲ. ಎಳ್ಳನ್ನು ಕೊನೆಗೆ, ಹಬ್ಬಕ್ಕೆ ಎರಡು ದಿನವಿರುವಾಗ ಚಟಪಟ ಎನ್ನುವಷ್ಟು ಹುರಿಯಿರಿ. ಹುರಿಗಡಲೆಯನ್ನು ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿದರೆ ಸಾಕು. ಎಲ್ಲವೂ ತಣ್ಣಗಾದ ಮೇಲೆ ಬೆರೆಸಿ, ಬೆಲ್ಲವನ್ನು ಕಡೆಯಲ್ಲಿ ಹಾಕಿ. ಇಷ್ಟಾಗಿಯೂ ಸಮಯ ಸಾಲದಿದ್ದರೆ ಹೆಚ್ಚಿದ ಕೊಬ್ಬರಿಯನ್ನೂ ಬೆಲ್ಲವನ್ನೂ ಅಂಗಡಿಯಿಂದ ತಂದು, ಕಡಲೆಬೀಜವನ್ನೂ ಎಳ್ಳನ್ನೂ ಮನೆಯಲ್ಲಿ ಹುರಿಯುವುದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಒಂದೂವರೆ ವರ್ಷ. ಹಬ್ಬದ ದಿನ ಮಗುವಿನ ಬಾಯಿಗೆ ನಾಲ್ಕು ಕಾಳು ಎಳ್ಳು-ಬೆಲ್ಲ ಹಾಕುವುದು ಬೇಡವೆಂದು ಸೊಸೆ ಹೇಳುತ್ತಾಳೆ. ನಾವೇನು ಮಕ್ಕಳನ್ನು ಬೆಳೆಸಿಲ್ಲವೇ? (ಮೈಸೂರು)

ಉತ್ತರ: ಅಮ್ಮ, ನಿಮ್ಮ ಅನುಭವದ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಈ ವಿಷಯದಲ್ಲಿ ನಿಮ್ಮ ಸೊಸೆಯ ಮಾತು ಸರಿ. ಆ ವಯಸ್ಸಿನ ಮಗುವಿಗೆ ಮುಂಬಾಯಿಯ ಹಲ್ಲುಗಳಿದ್ದರೂ ಗಟ್ಟಿ ಕಾಳನ್ನು ಅರೆಯುವ ಶಕ್ತಿ ದವಡೆಗೆ ಬಂದಿರುವುದಿಲ್ಲ. ಕಚ್ಚಿ ಎರಡು ತುಂಡಾದ ಕಡಲೆಬೀಜ ನಾಲಿಗೆಯ ಮೇಲೆ ಹಾಗೆಯೇ ಇರುವಾಗ ಮಗು ನಕ್ಕರೆ, ಅತ್ತರೆ ಅಥವಾ ಓಡಿದರೆ ಉಸಿರಿನ ಜೊತೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ನಮ್ಮ ದೇಶದಲ್ಲಿ ಪುಟ್ಟ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಕಡಲೆಕಾಯಿ ಬೀಜ ಮುಂಚೂಣಿಯಲ್ಲಿದೆ. ಅದು ಒಳಗೆ ತೇವ ಹೀರಿ ಉಬ್ಬುತ್ತದೆ, ಅದರ ಎಣ್ಣೆಯಂಶ ಶ್ವಾಸನಾಳದ ಒಳಪದರವನ್ನು ಕೆರಳಿಸುತ್ತದೆ. ನಾಲ್ಕು ವರ್ಷ ತುಂಬುವವರೆಗೆ ಇಡೀ ಬೀಜಗಳನ್ನೂ ಗಟ್ಟಿ ಮಿಠಾಯಿಯನ್ನೂ ಕೊಡಬೇಡಿರೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಬ್ರಿಟನ್ನಿನ ಆರೋಗ್ಯ ಸೇವೆ ಇಡೀ ಬೀಜಗಳಿಗೆ ಐದು ವರ್ಷದ ಗಡಿ ಹಾಕಿದೆ. ಹುರಿಗಡಲೆ, ಕೊಬ್ಬರಿ ಚೂರು, ಸಕ್ಕರೆ ಅಚ್ಚು, ಕಬ್ಬಿನ ಸಿಪ್ಪೆ, ಎಲಚಿಹಣ್ಣಿನ ಬೀಜ ಎಲ್ಲವನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳಿ. ಇದರ ಮೇಲೆ, ಎರಡು ವರ್ಷದೊಳಗಿನ ಮಕ್ಕಳಿಗೆ ಸಿಹಿ ಹೆಚ್ಚಿರುವ ತಿನಿಸು ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಶಾಸ್ತ್ರಕ್ಕೆಂದು ಏನಾದರೂ ಬಾಯಿಗೆ ತಾಗಿಸಬೇಕೆಂಬ ನಿಮ್ಮ ಆಸೆಗೆ ದಾರಿಯಿದೆ. ಹುರಿದ ಎಳ್ಳನ್ನು ನುಣ್ಣಗೆ ಪುಡಿ ಮಾಡಿ, ಹೆಸರಿಗಷ್ಟು ಬೆಲ್ಲ ಸೇರಿಸಿ, ನಾಗರ ಪಂಚಮಿಯ ಚಿಗಳಿಯಂತೆ ಕುಟ್ಟಿ, ಬೆರಳ ತುದಿಯಲ್ಲಿ ನೆಕ್ಕಿಸಿ. ಎಳ್ಳನ್ನು ಮಗು ಇದುವರೆಗೆ ತಿಂದಿಲ್ಲವಾದರೆ ಜನ ತುಂಬಿದ ಹಬ್ಬದ ದಿನ ಮೊದಲ ಬಾರಿ ಕೊಡುವ ಬದಲು ವಾರ ಮುಂಚೆ, ಹಗಲು ಹೊತ್ತಿನಲ್ಲಿ, ಕಾಳಿನಷ್ಟು ಕೊಟ್ಟು ನೋಡಿ. ಕೆಲವು ಮಕ್ಕಳಿಗೆ ಎಳ್ಳು, ಕಡಲೆಕಾಯಿ ಎರಡೂ ಒಗ್ಗುವುದಿಲ್ಲ. ಮೈಮೇಲೆ ದದ್ದು ಎದ್ದರೆ, ತುಟಿ ಊದಿದರೆ, ಉಸಿರು ಕಟ್ಟಿದಂತಾದರೆ ತಡ ಮಾಡದೆ ವೈದ್ಯರ ಬಳಿ ಹೋಗಬೇಕು. ಮಗುವಿಗೆ ಈಗಾಗಲೇ ಇಸಬು ಹೆಚ್ಚಾಗಿದ್ದರೆ ಅಥವಾ ಬೇರಾವುದಾದರೂ ತಿನಿಸು ಒಗ್ಗದಿದ್ದರೆ ವೈದ್ಯರನ್ನು ಕೇಳದೆ ಇದನ್ನು ಮಾಡಬೇಡಿ.

ಹಬ್ಬದ ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಇನ್ನೊಂದು ಮಾತು. ಗಂಟಲಿಗೆ ಸಿಕ್ಕಿಕೊಂಡ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಅಳಲೂ ಆಗದಿದ್ದರೆ ಮಗುವನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಗಟ್ಟಿಯಾಗಿ ತಟ್ಟಿ. ಅದಕ್ಕೂ ಬರದಿದ್ದರೆ, ಒಂದು ವರ್ಷ ದಾಟಿದ ಮಗುವಾದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲುಗಡೆ ಮುಷ್ಟಿಯಿಟ್ಟು ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ಇನ್ನೊಬ್ಬರು ಆ ಹೊತ್ತಿಗೆ 108ಕ್ಕೆ ಕರೆ ಮಾಡಲಿ. ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ಆ ಕ್ಷಣಕ್ಕೆ ಸರಿಹೋದಂತೆ ಕಂಡರೂ ಆಮೇಲೆ ಕೆಮ್ಮು, ಉಸಿರಿನಲ್ಲಿ ಸುಯ್ಯೆಂಬ ಸದ್ದು ಬಿಡದೆ ಉಳಿದರೆ ವೈದ್ಯರಿಗೆ ಕಡಲೆಬೀಜದ ಸಂಗತಿಯನ್ನು ತಪ್ಪದೆ ಹೇಳಿ. ಹೇಳದಿದ್ದರೆ ಅದು ನೆಗಡಿ-ಕೆಮ್ಮಿನ ಲೆಕ್ಕಕ್ಕೆ ಹೋಗಿಬಿಡುವ ಸಂಭವವಿದೆ.

ಪ್ರಶ್ನೆ: ಅತ್ತೆಯವರ ಕಾಲದ ಸಕ್ಕರೆ ಅಚ್ಚಿನ ಮರದ ಮಣೆಗಳು ಅಟ್ಟದಲ್ಲಿ ಸಿಕ್ಕಿವೆ. ಎಂಟು ವರ್ಷದ ಮಗಳು ತಾನೇ ಮಾಡಬೇಕೆಂದು ಹಟ ಹಿಡಿದಿದ್ದಾಳೆ. ನನಗೂ ಮಾಡಿ ಗೊತ್ತಿಲ್ಲ. (ಬೆಂಗಳೂರು)

ಉತ್ತರ: ನಿಮಗೆ ಸಿಕ್ಕಿರುವುದು ಸಣ್ಣ ನಿಧಿಯಲ್ಲ. ಹೊಸ ಅಚ್ಚುಗಳು ಹಬ್ಬದ ಹೊತ್ತಿಗೆ ಗಾಂಧಿ ಬಜಾರಿನಲ್ಲಿ ಸಿಗುತ್ತವೆ, ಆದರೆ ಹಳೆಯ ಮರದ ಮಣೆಗಳ ಗೋಪುರ, ತುಳಸಿಕಟ್ಟೆ, ಆನೆ, ಮೀನುಗಳ ಗೆರೆ ಅವಕ್ಕೆ ಬರುವುದಿಲ್ಲ. ಅಟ್ಟದ ದೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದು, ಬಿಸಿನೀರಿನಲ್ಲಿ ತೊಳೆದು, ಹುಳು ಹಿಡಿದಿಲ್ಲವೆಂಬುದನ್ನು ನೋಡಿಕೊಳ್ಳಿ. ಇದು ನಿಮ್ಮ ಮಗಳು ಪೂರ್ತಿಯಾಗಿ ಮಾಡಬಲ್ಲ ಕೆಲಸ.

ಅಚ್ಚು ಹಾಕುವ ಕೆಲವು ಗಂಟೆ ಮೊದಲು ಮಣೆಗಳನ್ನು ನೀರಿನಲ್ಲಿ ಮುಳುಗಿಸಿಡಬೇಕು. ನೀರು ಕುಡಿದ ಮರಕ್ಕೆ ಸಕ್ಕರೆ ಅಂಟುವುದಿಲ್ಲ. ಒಂದು ಕೆಜಿ ಸಕ್ಕರೆ ಮುಳುಗುವಷ್ಟು ಮಾತ್ರ ನೀರು ಹಾಕಿ ಕುದಿಸಿ, ಎರಡು ಮೂರು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಪಾಕವನ್ನು ತೆಳು ಬಟ್ಟೆಯಲ್ಲಿ ಸೋಸಿ. ಮುಂದಿನ ಹೆಜ್ಜೆಯಲ್ಲಿ ಹೊಸಬರು ಎಡವುವುದು ಹೆಚ್ಚು: ಎಲ್ಲ ಪಾಕವನ್ನೂ ಒಮ್ಮೆಗೇ ಕಾಯಿಸಬಾರದು. ಸಣ್ಣ ಪಾತ್ರೆಗೆ ಒಂದೆರಡು ಸೌಟು ಹಾಕಿಕೊಂಡು ಎಳೆ ಬರುವವರೆಗೆ ಕಾಯಿಸಿ, ಒಲೆಯಿಂದ ಇಳಿಸಿ, ಪಾತ್ರೆಯ ಅಂಚಿಗೆ ಸೌಟಿನಿಂದ ತಿಕ್ಕುತ್ತಾ ತಿರುವಿದರೆ ಪಾಕ ಬೆಳ್ಳಗೆ ಮಬ್ಬಾಗುತ್ತದೆ. ಮಬ್ಬಾದ ಕ್ಷಣವೇ ದಾರ ಅಥವಾ ರಬ್ಬರ್ ಬ್ಯಾಂಡಿನಿಂದ ಬಿಗಿದಿಟ್ಟ ಅಚ್ಚಿಗೆ ಸುರಿಯಬೇಕು. ಸ್ವಲ್ಪ ತಡವಾದರೆ ಅದು ಪಾತ್ರೆಯಲ್ಲೇ ಗಟ್ಟಿಯಾಗಿ ಪುಡಿ ಸಕ್ಕರೆಯಾಗುತ್ತದೆ. ಹೆದರಬೇಡಿ, ನೀರು ಹಾಕಿ ಮತ್ತೆ ಕುದಿಸಿದರಾಯಿತು. ಮೊದಲ ಎರಡು ಮೂರು ಸುತ್ತು ಹಾಳಾಗುತ್ತವೆಂದು ಮಗಳಿಗೆ ಮುಂಚೆಯೇ ಹೇಳಿಡಿ. ಕಾಲು ಗಂಟೆಯೊಳಗೆ ಅಚ್ಚು ಬಿಡಿಸಬಹುದು, ಆನೆಯ ಸೊಂಡಿಲು ಮುರಿಯದೆ ಬಂದರೆ ಮನೆಯವರೆಲ್ಲ ಬಂದು ನೋಡಬೇಕಾಗುತ್ತದೆ.

ಒಲೆಯ ಕೆಲಸವನ್ನೂ ಸುರಿಯುವ ಕೆಲಸವನ್ನೂ ಮಗಳಿಗೆ ಕೊಡಬೇಡಿ, ಎಷ್ಟೇ ಹಟ ಮಾಡಿದರೂ. ಎಳೆ ಬಂದ ಪಾಕದ ಬಿಸಿ ಕುದಿಯುವ ನೀರಿಗಿಂತ ಹೆಚ್ಚು. ಅಷ್ಟೇ ಅಲ್ಲದೆ ಅದು ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಮಣೆ ನೆನೆಸುವುದು, ಕಟ್ಟುವುದು, ತಣ್ಣಗಾದ ಮೇಲೆ ಬಿಡಿಸುವುದು, ಎಣಿಸಿ ತಟ್ಟೆಯಲ್ಲಿ ಜೋಡಿಸುವುದು ಅವಳದು. ಕುದಿಸುವುದು, ಸುರಿಯುವುದು ನಿಮ್ಮದು. ಸುರಿಯುವಾಗ ಅವಳು ಮೇಜಿನ ಆಚೆ ಬದಿಯಲ್ಲಿ ನಿಲ್ಲಲಿ, ಚಿಕ್ಕ ಮಕ್ಕಳು ಮನೆಯಲ್ಲಿದ್ದರೆ ಆ ಗಂಟೆ ಯಾರಾದರೂ ಅವರನ್ನು ಹೊರಗೆ ಕರೆದೊಯ್ಯಲಿ. ಅಕಸ್ಮಾತ್ ಹನಿ ಸಿಡಿದರೆ ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಐಸ್, ಟೂತ್‌ಪೇಸ್ಟ್, ಬೆಣ್ಣೆ ಯಾವುದೂ ಬೇಡ. ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾನು ಧಾರವಾಡದ ಕಡೆಯವಳು, ಗಂಡನ ಮನೆ ಮಂಡ್ಯ. ಐದು ಮತ್ತು ಏಳು ವರ್ಷದ ಮಕ್ಕಳಿದ್ದಾರೆ. ಎರಡೂ ಕಡೆಯ ಪದ್ಧತಿ ಮಾಡಹೊರಟರೆ ನನ್ನ ಬೆನ್ನು ಉಳಿಯುವುದಿಲ್ಲ, ಒಂದನ್ನು ಬಿಟ್ಟರೆ ಒಂದು ಕಡೆಯವರಿಗೆ ಬೇಸರ. (ಮಂಡ್ಯ)

ಉತ್ತರ: ಹಬ್ಬವೇ ಈ ಜಗಳವನ್ನು ಬಗೆಹರಿಸಿಟ್ಟಿದೆ. ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಅದನ್ನು ನಿಮ್ಮ ತವರಿಗೆ ಕೊಡಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಮೊಸರು ಇಷ್ಟಾದರೆ ಊಟವಾಯಿತು. ತಟ್ಟಿದ ರೊಟ್ಟಿಯ ಮೇಲೆ ಎಳ್ಳು ಉದುರಿಸಿ ಅಂಗೈಯಿಂದ ಒತ್ತುವುದು ಇಬ್ಬರೂ ಮಕ್ಕಳು ಮಾಡಬಹುದಾದ ಕೆಲಸ. ರೊಟ್ಟಿ ಬೆಂದಾಗ ಯಾರ ಬೆರಳಿನ ಗುರುತು ಎಲ್ಲಿದೆಯೆಂದು ಅವರೇ ಹುಡುಕುತ್ತಾರೆ. ಸಂಕ್ರಾಂತಿಯ ದಿನ ಮಂಡ್ಯದ ಕ್ರಮದಂತೆ ಎಳ್ಳು-ಬೆಲ್ಲ, ಕಬ್ಬು, ಅವರೆಕಾಯಿ, ಹುಗ್ಗಿ. ಸಂಜೆ ಹಳ್ಳಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವುದನ್ನು ತೋರಿಸುವಾಗ ಮಕ್ಕಳನ್ನು ಹೆಗಲ ಮೇಲೋ ಜಗಲಿಯ ಮೇಲೋ ಕೂರಿಸಿ. ಬೆಂಕಿಗೆ ಬೆದರಿದ ಎತ್ತು ಯಾವ ಕಡೆ ತಿರುಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ.

ಕುಸುರೆಳ್ಳನ್ನು ಮನೆಯಲ್ಲೇ ಮಾಡಬೇಕೆಂಬ ಆಸೆಯನ್ನು ಮಾತ್ರ ಮಕ್ಕಳು ದೊಡ್ಡವರಾಗುವವರೆಗೆ ಮುಂದೂಡಿ. ಸಣ್ಣ ಉರಿಯ ಮೇಲೆ ಎಳ್ಳಿಗೆ ಹನಿ ಹನಿಯಾಗಿ ಪಾಕ ಬಿಡುತ್ತಾ, ಕೈಯಾಡಿಸುತ್ತಾ, ಮುಳ್ಳು ಮೂಡುವವರೆಗೆ ಗಂಟೆಗಟ್ಟಲೆ ಕೂರುವ ತಾಳ್ಮೆ ಐದು ವರ್ಷದ ಮಗುವಿರುವ ಮನೆಗೆ ದಕ್ಕುವುದಲ್ಲ. ಅದನ್ನು ತವರಿನಿಂದ ತರಿಸಿಕೊಳ್ಳಿ. ಎಳ್ಳು ಬೀರುವಾಗ ಮಕ್ಕಳು ಮಂಡ್ಯದಲ್ಲಿ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಎನ್ನಲಿ, ಧಾರವಾಡದ ಅಜ್ಜಿಗೆ ಫೋನಿನಲ್ಲಿ "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣ" ಎನ್ನಲಿ. ಬೇಸರಪಟ್ಟುಕೊಳ್ಳಲು ಆಮೇಲೆ ಯಾರಿಗೂ ಕಾರಣ ಉಳಿಯಲಾರದು.

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ. ಕಳೆದ ಸಂಕ್ರಾಂತಿಯ ಸಂಜೆ ಆರತಿ ಮಾಡಿ ತಲೆಯ ಮೇಲೆ ಎಲಚಿಹಣ್ಣು ಎರೆದಾಗ ಅವಳು ಬೆದರಿ ಬಹಳ ಹೊತ್ತು ಅತ್ತಳು. ಐದು ವರ್ಷದವರೆಗೆ ಬಿಡಬಾರದೆಂದು ನನ್ನ ತಾಯಿ ಹೇಳುತ್ತಾರೆ. (ಹಾಸನ)

ಉತ್ತರ: ಶಾಸ್ತ್ರವನ್ನು ಬಿಡಬೇಕಾಗಿಲ್ಲ, ಅಳತೆಯನ್ನು ಬದಲಿಸಿದರೆ ಸಾಕು. ಮಗುವಿನ ದೃಷ್ಟಿಯಿಂದ ನೋಡಿ: ಹೊಸ ಬಟ್ಟೆ ಚುಚ್ಚುತ್ತಿದೆ, ಮನೆ ತುಂಬ ಗುರುತಿಲ್ಲದ ಮುಖಗಳಿವೆ, ಇದ್ದಕ್ಕಿದ್ದಂತೆ ತಲೆಯ ಮೇಲೆ ಸೇರು ತುಂಬ ಹಣ್ಣು, ಕಬ್ಬಿನ ಚೂರು, ಕಾಸು ಬೀಳುತ್ತವೆ. ದೊಡ್ಡವರಾದರೂ ಬೆದರುತ್ತಿದ್ದರು. ಹಬ್ಬಕ್ಕೆ ನಾಲ್ಕು ದಿನ ಮೊದಲು ಅವಳ ಕೈಯಿಂದ ಗೊಂಬೆಯ ತಲೆಗೆ ಎರೆಸಿ, ಆಮೇಲೆ ನಿಮ್ಮ ತಲೆಗೇ ಎರೆಸಿಕೊಳ್ಳಿ. ಹಬ್ಬದ ದಿನ ಅವಳನ್ನು ಮಣೆಯ ಮೇಲೆ ಒಬ್ಬಳನ್ನೇ ಕೂರಿಸದೆ ನಿಮ್ಮ ತೊಡೆಯ ಮೇಲೆ ಕೂರಿಸಿಕೊಳ್ಳಿ. ಮೆತ್ತಗಿರುವ ಸಣ್ಣ ಹಣ್ಣುಗಳನ್ನು ಆರಿಸಿ, ಹೂವಿನ ಎಸಳು ಸೇರಿಸಿ, ಅಜ್ಜಿ ಒಂದು ಬೊಗಸೆಯಷ್ಟನ್ನು ನೆತ್ತಿಯ ಹತ್ತಿರದಿಂದಲೇ ನಿಧಾನವಾಗಿ ಬಿಡಲಿ. ನಾಣ್ಯ ಮತ್ತು ಗಟ್ಟಿ ಕಬ್ಬಿನ ತುಂಡುಗಳನ್ನು ತಟ್ಟೆಯಲ್ಲಿಟ್ಟು ಸುತ್ತ ಸೇರಿದ ದೊಡ್ಡ ಮಕ್ಕಳಿಗೆ ಹಂಚಿಬಿಡಿ. ಎರೆದ ಕೂಡಲೇ ನೆಲಕ್ಕೆ ಬಿದ್ದದ್ದನ್ನೆಲ್ಲ ಆಯ್ದು ತೆಗೆಯುವುದು ಮುಖ್ಯ. ಸೋಫಾದ ಕೆಳಗೆ ಉರುಳಿದ ಕಾಸೂ ಎಲಚಿಯ ಬೀಜವೂ ಮೂರು ದಿನದ ಮೇಲೆ ಮಗುವಿನ ಕೈಗೇ ಸಿಗುತ್ತವೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹಬ್ಬದ ದಿನ ರಜೆಯಿರುವುದಿಲ್ಲ, ಬಿಸಿಲೂ ಇರುವುದಿಲ್ಲ. ಮಗನ ತರಗತಿಯ ಮಕ್ಕಳಿಗೆಲ್ಲ ಎಳ್ಳು ಹಂಚಬಹುದೇ? (ಅಮೆರಿಕ)

ಉತ್ತರ: ತರಗತಿಗೆ ಎಳ್ಳು-ಬೆಲ್ಲ ಬೇಡ. ಅಲ್ಲಿನ ಅನೇಕ ಶಾಲೆಗಳು ಕಡಲೆಕಾಯಿಯನ್ನು ಒಳಗೆ ಬಿಡುವುದಿಲ್ಲ. ಎಳ್ಳು ಕೂಡ 2023ರ ಜನವರಿ 1ರಿಂದ ಆ ದೇಶದ ಕಾನೂನಿನಲ್ಲಿ ಪ್ರಮುಖ ಅಲರ್ಜಿಕಾರಕಗಳ ಪಟ್ಟಿಗೆ ಒಂಬತ್ತನೆಯದಾಗಿ ಸೇರಿದೆ. ಶಿಕ್ಷಕರು ಒಪ್ಪಿದರೆ ಮಗ ತಾನೇ ಬಿಡಿಸಿದ ಕಬ್ಬು, ಗಾಳಿಪಟ, ರಂಗೋಲಿಯ ಚಿತ್ರಗಳನ್ನು ಹಂಚಲಿ. ಎಳ್ಳನ್ನು ಮನೆಗೆ ಬರುವ ಕನ್ನಡ ಕುಟುಂಬಗಳಿಗೆ ಇಟ್ಟುಕೊಳ್ಳಿ, ಅವರನ್ನೂ ಮೊದಲೇ ಕೇಳಿ. ಬಿಸಿಲಿಲ್ಲದ ಊರಿನಲ್ಲಿ ಹೆಚ್ಚಿದ ಕೊಬ್ಬರಿಯನ್ನು ಅವನ್‌ನ ಅತಿ ಕಡಿಮೆ ಬಿಸಿಯಲ್ಲಿ, ಕೆಂಪಾಗದಂತೆ ನೋಡಿಕೊಳ್ಳುತ್ತಾ ಒಣಗಿಸಬಹುದು. ಬೆಲ್ಲವನ್ನು ಅದರಲ್ಲಿಟ್ಟರೆ ಕರಗುತ್ತದೆ, ಚಳಿಗಾಲದಲ್ಲಿ ಹೀಟರಿನಿಂದ ಒಣಗಿರುವ ಮನೆಯ ಗಾಳಿಯೇ ಅದಕ್ಕೆ ಸಾಕು. ಹಬ್ಬದ ದಿನ ಬೆಳಿಗ್ಗೆ ದೀಪ ಹಚ್ಚಿ ಶಾಲೆಗೆ ಕಳಿಸಿ, ಎಳ್ಳು ಬೀರುವುದನ್ನು ಹತ್ತಿರದ ಶನಿವಾರಕ್ಕೆ ಇಟ್ಟುಕೊಂಡರೆ ಯಾರೂ ಆಕ್ಷೇಪಿಸಲಾರರು.

ಪ್ರಶ್ನೆ: ಯುಗಾದಿ, ದೀಪಾವಳಿಗಳ ತಾರೀಖು ಪ್ರತಿವರ್ಷ ಬದಲಾಗುವಾಗ ಸಂಕ್ರಾಂತಿ ಮಾತ್ರ ಜನವರಿ 14 ಅಥವಾ 15ಕ್ಕೇ ಏಕೆ ಬರುತ್ತದೆಂದು ಒಂಬತ್ತು ವರ್ಷದ ಮಗಳು ಕೇಳುತ್ತಿದ್ದಾಳೆ. (ಶಿವಮೊಗ್ಗ)

ಉತ್ತರ: ಆ ಹಬ್ಬಗಳಿಗೆ ಚಂದ್ರನ ತಿಥಿ ಆಧಾರ; ಸಂಕ್ರಾಂತಿಗೆ ಸೂರ್ಯ ಮಕರ ರಾಶಿಯನ್ನು ಪ್ರವೇಶಿಸುವ ಹೊತ್ತು ಆಧಾರ. ನಮ್ಮ ಗೋಡೆಯ ಕ್ಯಾಲೆಂಡರ್ ಕೂಡ ಸೂರ್ಯನದೇ ಆದ್ದರಿಂದ ಎರಡೂ ಹೊಂದಿಕೊಂಡು ನಡೆಯುತ್ತವೆ. ಪೂರ್ತಿ ಹೊಂದುವುದಿಲ್ಲ: ಪಂಚಾಂಗ ನಕ್ಷತ್ರಗಳನ್ನು ಹಿಡಿದು ಎಣಿಸುವ ವರ್ಷ ಸ್ವಲ್ಪ ಉದ್ದವಾಗಿರುವುದರಿಂದ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಜರುಗುತ್ತಿದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಎರಡು ಘಟನೆಗಳೂ ಒಂದೇ ಹೊತ್ತಿಗೆ ನಡೆಯುತ್ತಿದ್ದದ್ದು ಸುಮಾರು 1,700 ವರ್ಷಗಳ ಹಿಂದೆ.

ಇದನ್ನು ಮಗಳಿಗೆ ಹೇಳುವುದಕ್ಕಿಂತ ತೋರಿಸಿ. ಈ ಡಿಸೆಂಬರ್ 22ರಂದು ತಾರಸಿಯಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಹನ್ನೆರಡೂವರೆಯ ಆಸುಪಾಸಿನಲ್ಲಿ ನೆರಳು ಅತಿ ಚಿಕ್ಕದಾದಾಗ ಸೀಮೆಸುಣ್ಣದಲ್ಲಿ ಗುರುತು ಹಾಕಲು ಹೇಳಿ. ನಿಮ್ಮ ಊರಿನಲ್ಲಿ ಅದು ಸುಮಾರು 76 ಸೆಂಟಿಮೀಟರ್ ಇರುತ್ತದೆ. ಸಂಕ್ರಾಂತಿಯ ದಿನ ಅದೇ ಕೋಲಿನ ನೆರಳು ಸುಮಾರು 71ಕ್ಕೆ ಇಳಿದಿರುತ್ತದೆ. ಆ ಐದು ಸೆಂಟಿಮೀಟರ್ ನೋಡಿದ ಮಗುವಿಗೆ ಉತ್ತರಾಯಣವನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.

ಪ್ರಶ್ನೆ: ಹಬ್ಬ ಮುಗಿದ ಮೇಲೆ ಮನೆ ಮನೆಯಿಂದ ಬಂದ ಎಳ್ಳು ಡಬ್ಬಿಗಟ್ಟಲೆ ಉಳಿಯುತ್ತದೆ. ಮಕ್ಕಳು ಸಕ್ಕರೆ ಅಚ್ಚನ್ನು ಆರಿಸಿ ತಿಂದು ಉಳಿದದ್ದನ್ನು ಮುಟ್ಟುವುದಿಲ್ಲ. (ಚಿಕ್ಕಮಗಳೂರು)

ಉತ್ತರ: ಇದು ಎಲ್ಲರ ಮನೆಯ ಕಥೆ. ಮೊದಲು ಅಚ್ಚುಗಳನ್ನು ನೀವೇ ಆಯ್ದು ಬೇರೆ ಡಬ್ಬಿಗೆ ಹಾಕಿ, ಕೈಗೆಟುಕದ ಕಡೆ ಇಡಿ. ಪಾಯಸಕ್ಕೋ ಬೆಳಗಿನ ಹಾಲಿಗೋ ಸಕ್ಕರೆಯ ಬದಲು ಒಂದೊಂದನ್ನು ಬಳಸಿದರೆ ಫೆಬ್ರವರಿಯ ಹೊತ್ತಿಗೆ ಮುಗಿಯುತ್ತದೆ. ಮಿಕ್ಕ ಎಳ್ಳನ್ನು ಮಿಕ್ಸಿಯಲ್ಲಿ ತರಿತರಿಯಾಗಿ ತಿರುವಿ ಉಂಡೆ ಕಟ್ಟಿ. ಕೊಬ್ಬರಿ, ಎಳ್ಳು, ಕಡಲೆಬೀಜ ಮೂರರಲ್ಲೂ ಎಣ್ಣೆಯಿರುವುದರಿಂದ ತುಪ್ಪ ಬೇಕಾಗುವುದಿಲ್ಲ. ನಾಲ್ಕು ದಾಟಿದ ಮಕ್ಕಳ ಶಾಲೆಯ ಡಬ್ಬಿಗೆ, ಶಾಲೆ ಒಪ್ಪುವುದಾದರೆ, ಒಂದು ಉಂಡೆ ಸಾಕು. ಕೊಬ್ಬರಿಗೆ ಕಮಟು ವಾಸನೆ ಬರುವ ಮುಂಚೆ, ಎಂದರೆ ಎರಡು ಮೂರು ವಾರಗಳೊಳಗೆ, ಇದನ್ನು ಮಾಡಿ. ಮುಂದಿನ ವರ್ಷ ಎಳ್ಳು ಕೊಡುವ ಮನೆಗಳ ಪಟ್ಟಿ ಬರೆಯುವಾಗ ನೆನಪಿಗೆ ಬರಲೆಂದು, ಈ ವರ್ಷ ಎಷ್ಟು ಉಳಿಯಿತೆಂಬುದನ್ನು ಡಬ್ಬಿಯ ಮುಚ್ಚಳದ ಒಳಗೆ ಮಕ್ಕಳ ಕೈಯಲ್ಲೇ ಬರೆಸಿಡಿ.